ಹಗ್ಗದ ಪಟ್ಟಿಯಿಲ್ಲದ ಬಾವುಟ

ಸಾನ್ ತೆಲ್ಮೊ ಬಂದರು
ಆಗಸ್ಟ್ 28, 1958

ಪ್ರೀತಿಯ ಕೊಮಾದ್ರೆ ಕ್ಲೋತಿಲ್ದೆ,

ನಿನ್ನ ಕಾಗದ ಕೈಸೇರಿ ಇಪ್ಪತ್ತೆರಡು ದಿನ ಆಯಿತು. ಉತ್ತರ ಬರಲಿಲ್ಲ ಅಂತ ಬೈದುಕೊಂಡಿರುತ್ತೀ. ಬೈದುಕೋ, ತಪ್ಪು ನನ್ನದೇ. ಮೂರು ಸಲ ಬರೆದು ಮೂರು ಸಲವೂ ಒಲೆಗೆ ಹಾಕಿದೆ. ಇದು ನಾಲ್ಕನೆಯದು. ಇದನ್ನು ಅಂಚೆಗೆ ಹಾಕುವುದಿಲ್ಲ. ನಮ್ಮ ಕಾಗದಗಳನ್ನು ನಮಗಿಂತ ಮೊದಲು ಓದುವವರು ಈಗ ಅಲ್ಲಿ ಕೂತಿದ್ದಾರೆ. ಬಸ್ಸಿನ ತಿಬೂರ್ಸಿಯೊ ಕೈಯಲ್ಲಿ ಕಾಫಿಪುಡಿ ಡಬ್ಬಿ ಕಳಿಸಿದ್ದೇನಲ್ಲ, ಅದರ ತಳದಲ್ಲಿ ಇಟ್ಟಿದ್ದೇನೆ. ಪುಡಿ ಚೆನ್ನಾಗಿದೆ, ಚೆಲ್ಲಬೇಡ.

ನಿನ್ನ ಮಂಡಿ ಹೇಗಿದೆ? ಗುಡ್ಡ ಹತ್ತಿ ನೀರು ತರುವುದನ್ನು ಬಿಟ್ಟೆಯೋ ಇಲ್ಲವೋ? ಇಲ್ಲಿ ಮೀನಿನ ಸಂತೆ ಎತ್ತಿಸಿದರು. ಹಳೇ ಹಡಗುಕಟ್ಟೆಗೆ ಮುಳ್ಳುತಂತಿ ಬಿಗಿದಿದ್ದಾರೆ, ಒಳಗೆ ಲಂಗರಿನ ಬಾವುಟದ ಪರದೇಶಿ ಸಿಪಾಯಿಗಳು ಚೆಂಡಾಡುತ್ತಾರೆ. ನನ್ನಪ್ಪ ನಲವತ್ತು ವರ್ಷ ಮೂಟೆ ಹೊತ್ತ ಜಾಗ ಅದು. ಹತ್ತಿರ ಹೋದರೆ ಹಾಲುಗಲ್ಲದ ಸಿಪಾಯಿಯೊಬ್ಬ ನಮ್ಮ ಭಾಷೆಯಲ್ಲಿ ತಾನು ಕಲಿತ ಒಂದೇ ಮಾತು ಹೇಳುತ್ತಾನೆ: "ಹಿಂದೆ ಹೋಗು."

ಈಗ ನಿನ್ನ ಕಾಗದದ ಮಾತು. ನೀನು ಬರೆದಿದ್ದೆ: "ಸ್ವಾತಂತ್ರ್ಯದ ದಿನ ನನ್ನನ್ನು ಬಂದರಿಗೆ ಕರೆಸುತ್ತಾರಂತೆ. ವೇದಿಕೆ ಮೇಲೆ ಅಧ್ಯಕ್ಷರು ಒಂದು ಪಕ್ಕ, ಲಂಗರಿನ ದೇಶದ ರಾಯಭಾರಿ ಇನ್ನೊಂದು ಪಕ್ಕ. ನನ್ನ ಮಗ ನಿಕಾನೋರನ ಶವಪೆಟ್ಟಿಗೆಗೆ ಹೊದಿಸಿದ್ದ ಬಾವುಟವನ್ನು ನಾನೇ ಏರಿಸಿ ಎರಡು ಮಾತಾಡಬೇಕಂತೆ. ಆದರೆ ಕೊಮಾದ್ರೆ, ಅದಕ್ಕೆ ಹಗ್ಗ ತೂರಿಸುವ ಪಟ್ಟಿಯೇ ಇಲ್ಲ. ನಿಮ್ಮ ಹೊಲಿಗೆ ಶಾಲೆಯವರು ಮರೆತಿರಬೇಕು. ಎರಡು ಬೆರಳಗಲದ ಬಿಳಿ ಬಟ್ಟೆ ಕಳಿಸು, ನಾನೇ ಹೊಲಿದುಕೊಳ್ಳುತ್ತೇನೆ."

ಬಟ್ಟೆ ಕಳಿಸುತ್ತಿಲ್ಲ. ಆ ಬಾವುಟಕ್ಕೆ ಪಟ್ಟಿ ಹೊಲಿಯಬೇಡ. ಯಾಕೆಂದು ಹೇಳುತ್ತೇನೆ, ಕೂತು ಓದು.

ನಾವು ಮರೆಯಲಿಲ್ಲ ಕ್ಲೋತಿಲ್ದೆ.

ಮಾರ್ಚ್ ಹದಿನೇಳು, ಸಂತ ಹೊಸೆ ಹಬ್ಬಕ್ಕೆ ಎರಡು ದಿನ ಇತ್ತು. ಸೇನೆಯ ಹೊಲಿಗೆ ಶಾಲೆಯಲ್ಲಿ ನಾವು ಹನ್ನೊಂದು ಹೆಂಗಸರು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದೆವು. ಕ್ಯಾಪ್ಟನ್ ರೆವೆಲೊನಿಂದ ಒಂದು ಚೀಟಿ ಬಂತು. ನಮ್ಮ ದೇಶದ ಬಾವುಟ, ದೊಡ್ಡ ಅಳತೆ, ಹಗ್ಗದ ಪಟ್ಟಿ ಬೇಡ. ಲಂಗರಿನ ಬಾವುಟ ಅರವತ್ತು, ಹಗ್ಗದ ಪಟ್ಟಿ ಸಹಿತ. ಹಳದಿ ಬಟ್ಟೆ, ಕರಿ ಲಂಗರು. ಅಲ್ಲಿಯವರೆಗೆ ಅದನ್ನು ನಾವು ಪರದೇಶದ ಹಡಗಿನ ಮೇಲೆ ಮಾತ್ರ ಕಂಡಿದ್ದೆವು.

"ಪಟ್ಟಿ ಇಲ್ದೆ ಬಾವುಟ ಎಲ್ಲಿ ಹಾರತ್ತೆ? ಗುಮಾಸ್ತ ಕುಡಿದು ಬರ್ದಿದಾನೆ" ಅಂದಳು ನಮ್ಮ ಮೇಲ್ವಿಚಾರಕಿ ದೋನ್ಯ ಪ್ರುದೆನ್ಸಿಯಾ.

"ಹಾರ್ಸೋಕಲ್ಲ ದೋನ್ಯ, ಹಾಸೋಕೆ. ಜನರಲ್ ಮನೇಲಿ ಔತಣ ಇರ್ಬೇಕು, ಊಟದ ಮೇಜಿಗೆ" ಅಂದಳು ಕಾಸಿಲ್ದಾ. ಅವಳ ಬಾಯಿ ನಿನಗೆ ಗೊತ್ತಲ್ಲ.

"ನಮ್ ಬಾವುಟದ ಮೇಲೆ ಸಾರು ಚೆಲ್ಕೊಂಡು ತಿಂತಾರಾ?"

"ಈಗೇನ್ ಮಾಡ್ತಿದಾರೆ ಮತ್ತೆ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನೂ ನಕ್ಕೆ. ಮಾರನೆಯ ದಿನ ಚೀಟಿ ಹಿಡಿದು ನಾನೇ ಕ್ಯಾಪ್ಟನ್ ಕೋಣೆಗೆ ಹೋಗಿ, "ಪಟ್ಟಿ ಬಿಟ್ಟುಹೋಗಿದೆ ಸಾಹೇಬರೇ" ಅಂದೆ. "ಬರೆದಷ್ಟು ಹೊಲಿಯಮ್ಮ" ಅಂದ. ಹೊಲಿದೆವು. ಮೂವತ್ತಾರು ಬಾವುಟ, ನಾಲ್ಕೂ ಅಂಚು ಮಡಿಚಿ. ತಿಂಗಳ ಕೊನೆಗೆ ಲಾರಿ ಬಂದು ಒಯ್ದಿತು.

ಏಪ್ರಿಲ್ ಎರಡು. ರೇಡಿಯೊ ಹೇಳಿದ್ದನ್ನು ನೀನೂ ಕೇಳಿದ್ದೀ. ನೆರೆದೇಶದ ಸೈನಿಕರು ಬೆಳಗಿನ ಜಾವ ಪಾರ್ದೊ ನದಿ ದಾಟಿ ಬಂದು ಠಾಣ್ಯದಲ್ಲಿ ಮಲಗಿದ್ದವರನ್ನೆಲ್ಲ ಕೊಂದರು, ಮೂವತ್ತಾರು ಮಂದಿ, ಒಬ್ಬನೂ ಉಳಿಯಲಿಲ್ಲ ಅಂತ. ನಿಕಾನೋರ್ ಅಲ್ಲಿಗೆ ಹೋಗಿ ಎಂಟೇ ದಿನವಾಗಿತ್ತು. ಮಧ್ಯಾಹ್ನಕ್ಕೆ ನಮ್ಮ ಜನರಲ್, ದಂಡನಾಯಕ ಬರಾಹೋನ, ಅರಮನೆಯ ಮಹಡಿ ಮೇಲೆ ನಿಂತು, ದೇಶ ಅಪಾಯದಲ್ಲಿದೆ, ಇನ್ನು ನಾನೇ ನೋಡಿಕೊಳ್ಳುತ್ತೇನೆ ಅಂದ. ಹಳೇ ಅಧ್ಯಕ್ಷರನ್ನು ವಿಮಾನ ಹತ್ತಿಸಿದರು. ಭಾನುವಾರ ಅವನ ಎದೆಗೆ ಅಧ್ಯಕ್ಷರ ಪಟ್ಟೆ ಬಿತ್ತು. ಹನ್ನೊಂದನೇ ತಾರೀಖು ಒಪ್ಪಂದ: ನಮ್ಮ ರಕ್ಷಣೆಗೆ ಲಂಗರಿನವರು ಬರುತ್ತಾರೆ, ಬಂದರು ತೊಂಬತ್ತೊಂಬತ್ತು ವರ್ಷ ಅವರದು. ಮಾರನೆಯ ಬೆಳಿಗ್ಗೆ ಹಡಗುಕಟ್ಟೆಯ ಉದ್ದಕ್ಕೂ ಅರವತ್ತು ಕಂಬ, ಅರವತ್ತು ಹಳದಿ ಬಾವುಟ. ನಾವು ಹೊಲಿದವು.

ಬೆರಳು ಮಡಿಚಿ ಎಣಿಸು. ಶತ್ರು ಬಂದದ್ದು ಏಪ್ರಿಲ್ ಎರಡಕ್ಕೆ. ಸ್ನೇಹ ಆದದ್ದು ಹನ್ನೊಂದಕ್ಕೆ. ಎರಡಕ್ಕೂ ಬಟ್ಟೆ ಕತ್ತರಿಸಿದ್ದು ಮಾರ್ಚ್ ಹದಿನೆಂಟಕ್ಕೆ.

ಪ್ರಧಾನ ಚರ್ಚಿನ ಚೌಕದಲ್ಲಿ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದ ದಿನ ನೀನು ಮುಂದೆ ನಿಂತಿದ್ದೆ. ಮುಚ್ಚಳ ತೆಗೆಯಲು ಬಿಡಲಿಲ್ಲ. ನೀನು ಮರದ ಮೇಲೆ ಕೆನ್ನೆಯಿಟ್ಟು ಅವನ ಹೆಸರು ಹಿಡಿದು ಕರೆಯುತ್ತಿದ್ದೆ. ನಾನು ನಿನ್ನ ಬೆನ್ನ ಹಿಂದೆ ನಿಂತು ಬಾವುಟದ ಅಂಚು ನೋಡುತ್ತಿದ್ದೆ. ಮೂಲೆಯಲ್ಲಿ ನಾನು ಹಾಕುವ ಎರಡು ಸುತ್ತಿನ ಗಂಟು. ಕಾಸಿಲ್ದಾ ನನ್ನ ತೋಳು ಹಿಡಿದಳು. "ಎರ್ಮೆಲಿಂದಾ" ಅಂದಳು, "ಮೇಜಿನ ಬಟ್ಟೆ." ಅಷ್ಟೇ. ಅವತ್ತಿನಿಂದ ಆ ಹೆಂಗಸು ಒಂದು ತಮಾಷೆ ಮಾತಾಡಿಲ್ಲ.

ನನಗೆ ರಾಜಕೀಯ ತಿಳಿಯದು ಅಂತ ನಮ್ಮ ಪಾದ್ರಿ ಹೇಳುತ್ತಾರೆ. ಇರಬಹುದು. ಹೊಲಿಗೆ ತಿಳಿಯುತ್ತದೆ. ಪಟ್ಟಿ ಇರುವ ಬಾವುಟ ಏರಿಸುವುದಕ್ಕೆ, ಪಟ್ಟಿ ಇಲ್ಲದ್ದು ಹೊದಿಸುವುದಕ್ಕೆ. ಏರುವುದು ಅವರದು, ಹೊದೆಯುವುದು ನಮ್ಮದು ಅಂತ ಹದಿನಾರು ದಿನ ಮುಂಚೆ ತೀರ್ಮಾನ ಮಾಡಿ ನಮ್ಮ ಕೈಯಲ್ಲೇ ಹೊಲಿಸಿದರು. ನದಿಯಾಚೆಯವನಿಗೆ ನಮ್ಮ ಹೊಲಿಗೆ ಶಾಲೆಯ ಚೀಟಿ ಬರೆಯುವ ಅಧಿಕಾರ ಎಲ್ಲಿಂದ ಬರಬೇಕು? ಬಡವರ ಮಕ್ಕಳನ್ನು ಬೀಜದ ಕಾಳಿನಂತೆ ಎಣಿಸಿ ಬಿತ್ತಿ, ಕುರ್ಚಿಯನ್ನೂ ಸ್ನೇಹವನ್ನೂ ಬೆಳೆದುಕೊಂಡವನು ಈ ಬರಾಹೋನ. ಈಗ ಆ ಮಕ್ಕಳ ತಾಯಂದಿರೇ ಬಂದು ಕೈಮುಗಿಯಬೇಕಂತೆ.

ಏಪ್ರಿಲ್‌ನಲ್ಲಿ ಕ್ಯಾಪ್ಟನ್ ಕಡೆಯವರು ಬಂದು ಹಳೆಯ ಚೀಟಿಗಳನ್ನೆಲ್ಲ ಸುಟ್ಟರು. ಇದೊಂದು ಉಳಿಯಿತು. ನಾನು ಇದನ್ನು ಮಡಿಚಿ ಮೇಲೆ ಬಿಳಿ ದಾರ ಸುತ್ತಿಟ್ಟಿದ್ದೆ, ದಾರದುಂಡೆ ಅಂದುಕೊಂಡರು. ತಾರೀಖು, ರೆವೆಲೊ ಸಹಿ, ಎಲ್ಲ ಇದೆ. ಈ ಕಾಗದದ ಜೊತೆಗಿಟ್ಟಿದ್ದೇನೆ.

ಈ ಚೀಟಿಯನ್ನು ಏನು ಮಾಡುವುದು ಅಂತ ಮೊನ್ನೆ ಹನ್ನೊಂದು ಜನವೂ ಕೂತೆವು. "ನಂಗೆ ಮೂರು ಹೆಣ್ಮಕ್ಕಳು ಕಣ್ರೇ, ನನ್ನ ಬಿಟ್ಬಿಡಿ" ಅಂದಳು ಪ್ರುದೆನ್ಸಿಯಾ.

"ಕ್ಲೋತಿಲ್ದೆಗೆ ಒಬ್ನೇ ಮಗ ಇದ್ದ ದೋನ್ಯ" ಅಂದಳು ಕಾಸಿಲ್ದಾ.

ಪ್ರುದೆನ್ಸಿಯಾ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. "ನಾನೂ ನಿಲ್ತೀನಿ. ಮಾತಾಡು ಅಂತ ಮಾತ್ರ ಹೇಳ್ಬೇಡಿ" ಅಂದಳು.

ಸ್ವಾತಂತ್ರ್ಯದ ದಿನ ಮೈಕು ನಿನ್ನ ಬಾಯಿ ಮುಂದೆ ಇರುತ್ತದೆ ಕ್ಲೋತಿಲ್ದೆ, ದೇಶವೆಲ್ಲ ಕೇಳುತ್ತಿರುತ್ತದೆ. ಬಾವುಟ ಹೆಗಲ ಮೇಲೆ ಹಾಕಿಕೊಂಡು ವೇದಿಕೆ ಹತ್ತು. ಏರಿಸಬೇಡ. ಚೀಟಿ ಓದು, ತಾರೀಖಿನಿಂದ ಸಹಿಯವರೆಗೆ. ಆಮೇಲೆ ಏನು ಮಾಡುತ್ತಾರೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಬರಲಾರೆ ಅಂದರೆ ತಿಬೂರ್ಸಿಯೊ ಕೈಯಲ್ಲಿ ಖಾಲಿ ಡಬ್ಬಿ ವಾಪಸ್ ಕಳಿಸು, ಒಂದು ಮಾತೂ ಆಡುವುದಿಲ್ಲ. ಬರುವೆಯಾದರೆ ವೇದಿಕೆಯ ಬುಡದಲ್ಲಿ ಹನ್ನೊಂದು ಹೆಂಗಸರು ಇರುತ್ತೇವೆ.

ನಿನ್ನ ಮನೆಯ ಒಲೆ ಆರದಿರಲಿ. ನಿನ್ನ ಕಾಲಿಗೆ ಬಲ ಬರಲಿ. ಅವನನ್ನು ಹೆತ್ತ ಹೊಟ್ಟೆ ತಣ್ಣಗಿರಲಿ ಎಂದು ಹರಸುವ ಯೋಗ್ಯತೆ ನನಗಿಲ್ಲ, ಆದರೂ ಹರಸುತ್ತೇನೆ.

ನಿನ್ನ ಮಗನನ್ನು ಜ್ಞಾನಸ್ನಾನದ ದಿನ ಎತ್ತಿ ಹಿಡಿದು ನಿನಗೆ ಕೊಮಾದ್ರೆಯಾದ,
ಎರ್ಮೆಲಿಂದಾ

ಮರೆತು ಬಿಟ್ಟದ್ದಲ್ಲ, ಬರೆಯಲು ಹೆದರಿದ್ದು: ಆ ದಿನ ಕ್ಯಾಪ್ಟನ್ ಕೋಣೆಯಲ್ಲಿ ನಾನು ಪಟ್ಟಿಯ ವಿಷಯ ಒಂದನ್ನೇ ಕೇಳಲಿಲ್ಲ. ಗುಡ್ಡದ ಠಾಣ್ಯದ ಚಳಿಯಲ್ಲಿ ನಿಕಾನೋರನಿಗೆ ಕೆಮ್ಮು ನಿಲ್ಲುತ್ತಿಲ್ಲ, ಬೆಚ್ಚಗಿನ ಕಡೆ ಹಾಕಿಸು ಅಂತ ನೀನು ಬರೆದಿದ್ದೆಯಲ್ಲ, ಅದನ್ನೂ ಕೇಳಿದೆ. ರೆವೆಲೊ ಪೆನ್ಸಿಲ್ ಕೈಗೆತ್ತಿಕೊಂಡ. "ನದಿ ಠಾಣ್ಯಕ್ಕೆ ಹಾಕ್ತೀನಿ. ಮೀನು ಹಿಡ್ಕೊಂಡು ಆರಾಮಾಗಿರ್ತಾನೆ" ಅಂದ. ನಾನು ಅವನ ಕೈಗೆ ಮುತ್ತಿಟ್ಟೆ. "ಆ ಚೀಟಿ ಇಲ್ಲಿ ಕೊಡಮ್ಮ" ಅಂದು ಕೆಂಪು ಪೆನ್ಸಿಲ್‌ನಿಂದ ಏನೋ ತಿದ್ದಿ ವಾಪಸ್ ಕೊಟ್ಟ. ಇನ್ನೊಂದು ಬಾವುಟ ಹೆಚ್ಚಿಗೆ ಹೊಲಿಯಬೇಕು, ಅಷ್ಟೇ ಅಂದುಕೊಂಡೆ. ಚೀಟಿಯನ್ನು ಬೆಳಕಿಗೆ ಹಿಡಿದು ನೋಡು: 36ರ ಆರರ ಅಡಿಯಲ್ಲಿ ಐದು ಕಾಣುತ್ತದೆ. ಮೈಕಿನ ಮುಂದೆ ಅದನ್ನೂ ಓದು, ನನ್ನ ಹೆಸರು ಸೇರಿಸಿ.