ಕ್ಯಾಲೆಂಡರಿನ ಹಿಂದಿನ ಕಿಂಡಿ

ಮಗಳೇ ಶೆಹ್ರಿಬಾನ್ ಮೇಸ್ತ್ರಿ,

ನಿನಗೆ ನನ್ನ ಸಲಾಮು. ಇವತ್ತು ಹನ್ನೊಂದನೇ ಉಪವಾಸ. ನಸುಕಿನ ಸಹರಿ ಊಟ ಮುಗಿಸಿ, ನಮಾಜು ಮಾಡಿ, ಅತ್ತೆಗೆ ಔಷಧಿ ಕುಡಿಸಿ, ಬಾಗಿಲ ಮುಂದಿನ ಹಿಮ ಗುಡಿಸಿ, ಸಂಜೆಯ ಸಾರಿಗೆ ಬೇಳೆ ಆರಿಸಿಟ್ಟು ಈಗ ಕೂತಿದ್ದೇನೆ. ಹಳ್ಳಿ ಶಾಲೆಯಲ್ಲಿ ಐದು ಕ್ಲಾಸು ಓದಿದ ಕೈ ಇದು, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಹದಿನಾಲ್ಕು ವರ್ಷ ಕಾದ ಮೇಲೆ ಹಜ್ ಯಾತ್ರೆಗೆ ಚೀಟಿ ಎತ್ತಿದಾಗ ನಮ್ಮ ಹೆಸರು ಬಂದಿದೆ. ಹೊರಡುವ ಮುಂಚೆ ನೋಯಿಸಿದವರ ಬಳಿಯೆಲ್ಲ ಕ್ಷಮೆ ಕೇಳಬೇಕಲ್ಲ, ಎಲ್ಲರ ಮನೆಗೂ ಹೋಗಿಬಂದೆ. ನಿನ್ನ ಅಂಗಡಿಯ ತನಕ ಮೂರು ಸಲ ಬಂದು ಮೂರು ಸಲವೂ ಹಿಂದಿರುಗಿದೆ.

ನಿಮ್ಮಪ್ಪ ತೀರಿಕೊಂಡ ವರ್ಷ ಮೊದಲ ಸಲ ನೀನು ಮನೆ ಬೆಚ್ಚಗಿಡುವ ನಮ್ಮ ಬಾಯ್ಲರ್ ನೋಡಲು ಬಂದಾಗ ನಾನು ಬಾಗಿಲಲ್ಲೇ ಕೇಳಿದ್ದೆ, "ಗಂಡಸರು ಯಾರೂ ಸಿಗಲಿಲ್ವಾ?" "ಅಪ್ಪನ ಚೀಲ ಬಂದಿದೆ ಚಿಕ್ಕಮ್ಮ, ಕೈ ಮಾತ್ರ ನಂದು" ಅಂದೆ ನೀನು. ಆ ಕೈಯನ್ನು ನಾನು ನೋಡುತ್ತಾ ನಿಂತೆ. ನೀನು ಮುಚ್ಚಳ ಬಿಚ್ಚಿ, ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಬಟ್ಟೆಯ ಮೇಲೆ ಜೋಡಿಸಿಟ್ಟೆ. ಉರಿಯುವ ಜಾಗದ ಮಸಿಯನ್ನು ಮಗುವಿನ ಕಿವಿ ಒರೆಸುವ ಹಾಗೆ ತೆಗೆದೆ. ಗ್ಯಾಸ್ ಪೈಪಿನ ಸಂದಿಗಳಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೋ ಎಂದು ಉಸಿರು ಬಿಗಿಹಿಡಿದು ನೋಡಿದೆ. ನಾನು ನಮಾಜಿನಲ್ಲೂ ಅಷ್ಟು ಮನಸ್ಸಿಟ್ಟವಳಲ್ಲ.

ಆದರೂ ನೀನು ಹೋದ ತಕ್ಷಣ ನಾನೇನು ಮಾಡಿದೆ? ಗಾಳಿಯಾಡಲೇಬೇಕೆಂದು ನೀನು ಹೇಳಿದ್ದ ಅಡುಗೆಮನೆ ಕಿಂಡಿಗೆ ಅತ್ತೆಯ ಹಳೇ ಉಣ್ಣೆ ಶಾಲು ತುರುಕಿ, ಮೇಲೆ ನಮಾಜಿನ ವೇಳೆಯ ಕ್ಯಾಲೆಂಡರ್ ತೂಗುಹಾಕಿದೆ. ಎರ್ಜುರುಮಿನ ಚಳಿಗೆ ಎಲ್ಲರೂ ಮಾಡುವುದೇ ಅದು.

ಕಳೆದ ಅಕ್ಟೋಬರಿನಲ್ಲಿ ಸರ್ವಿಸಿಗೆಂದು ಬಂದವಳು ಬಾಯ್ಲರಿನ ಹತ್ತಿರ ಬೆಂಕಿಕಡ್ಡಿ ಹಿಡಿದೆ. ಉರಿ ಒಳಗೆ ಎಳೆಯುವ ಬದಲು ನಿನ್ನ ಮುಖದ ಕಡೆ ಬಾಗಿತು. ನೀನು ಕಡ್ಡಿ ಆರಿಸಿ ನನ್ನ ಕಡೆ ತಿರುಗಿದೆ.

"ಅಜ್ಜಿಗೆ ತಲೆನೋವಾ ಚಿಕ್ಕಮ್ಮ?"

"ವಯಸ್ಸಾಯ್ತು. ಇಡೀ ದಿನ ಮಂಪರು. ದುವಾ ಓದಿ ಊದ್ತಾ ಇದ್ದೀನಿ."

"ಕ್ಯಾಲೆಂಡರ್ ಹಿಂದೆ ಏನಿದೆ?"

"ಗೋಡೆ. ಇನ್ನೇನಿರುತ್ತೆ?"

ದೇವರ ಹೆಸರಿದ್ದ ಹಾಳೆಯ ಮುಂದೆ ನಿಂತು ನಾನು ಸುಳ್ಳು ಹೇಳಿದೆ, ಮಗಳೇ. ನೀನು ಶಾಲು ಎಳೆದು ನನ್ನ ಕೈಗಿತ್ತು, ಗ್ಯಾಸು ಮುಚ್ಚಿ ಸೀಲು ಹಾಕಿದೆ. ಹೊರಗೆ ಹಿಮ ಬೀಳುತ್ತಿತ್ತು. ನನಗೆ ತಲೆ ಕೆಟ್ಟಿತು. ನಮ್ಮ ಕಡೆ ಶತ್ರುವಿಗೂ ಹೇಳದ ಮಾತು ಹೇಳಿದೆ: "ನಿನ್ನ ಮನೆ ಒಲೆ ಆರಿಹೋಗಲಿ!" ಮದುವೆಯಾಗಿ ಎಂಟು ವರ್ಷ, ಮಡಿಲು ತುಂಬದವಳು ನೀನು ಎಂದು ಗೊತ್ತಿದ್ದೂ ಹೇಳಿದೆ.

ನೀನು ಚೀಲ ಎತ್ತಿಕೊಂಡು, "ನಂದು ಆರಲಿ ಚಿಕ್ಕಮ್ಮ. ನಿಮ್ಮದು ಮೊದಲು ಸರಿಯಾಗಿ ಉರೀಲಿ" ಎಂದು ಸೀದಾ ಮೇಲಕ್ಕೆ ಹತ್ತಿದೆ. ಆ ಜಾರುವ ಮಾಡಿನ ಮೇಲೆ ಮೊಣಕಾಲೂರಿ ಚಿಮಣಿಯೊಳಗಿಂದ ಒಂದು ಬುಟ್ಟಿ ಕಾಗೆಗೂಡು ಎಳೆದು ತೆಗೆದೆ. ಕೆಳಗಿಳಿದು, ಮತ್ತೆ ಕಡ್ಡಿ ಹಿಡಿದು, ಉರಿ ಒಳಕ್ಕೆ ಬಾಗುವವರೆಗೂ ನೋಡಿ, ಆಮೇಲೆ ಸೀಲು ಬಿಚ್ಚಿದೆ. ನಿನ್ನ ಬೆರಳುಗಳು ನೀಲಿಗಟ್ಟಿದ್ದವು. ನಾನು ಒಂದು ಲೋಟ ಚಹಾ ಕೂಡ ಕೊಡಲಿಲ್ಲ.

ಮೂರನೇ ದಿನ ಅತ್ತೆ ಎದ್ದು ಕೂತು, "ಥೂ, ಇದು ಸಾರಾ, ಪಾತ್ರೆ ತೊಳೆದ ನೀರಾ?" ಎಂದರು. ಮೂವತ್ತು ವರ್ಷದಲ್ಲಿ ಆ ಬೈಗುಳ ಕೇಳಿ ನಾನು ಅತ್ತದ್ದು ಅದೇ ಮೊದಲು. ಮಂಪರು ವಯಸ್ಸಿನದಾಗಿರಲಿಲ್ಲ. ನಾನು ತುರುಕಿದ ಶಾಲು, ಕಾಗೆಯ ಗೂಡು, ಎರಡೂ ಸೇರಿ ಬಾಯ್ಲರಿನ ವಿಷಗಾಳಿಯನ್ನು ಒಳಗೇ ಕೂಡಿಹಾಕಿ ಅವರನ್ನು ಮಲಗಿಸುತ್ತಿದ್ದವು. ನೀನು ಸುಮ್ಮನೆ ಧೂಳು ಒರೆಸಿ ಹೋಗಿದ್ದರೆ ಇವತ್ತು ಅವರ ಗೋರಿಯ ಬಳಿ ದುವಾ ಓದಬೇಕಿತ್ತು.

ತನಗೆ ಮಾಡಿದ ತಪ್ಪನ್ನು ದೇವರು ಮನ್ನಿಸುತ್ತಾನೆ. ನಿನಗೆ ಮಾಡಿದ್ದನ್ನು ನೀನೇ ಮನ್ನಿಸಬೇಕು. ಅದಿಲ್ಲದೆ ಕಾಬಾದ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ? ಕ್ಯಾಲೆಂಡರ್ ಈಗ ಎದುರು ಗೋಡೆಗಿದೆ, ಕಿಂಡಿ ತೆರೆದಿದೆ. ಕಾಲಿಗೆ ಚಳಿ ಹೊಡೆದಾಗಲೆಲ್ಲ ನಿನ್ನ ಹೆಸರು ಹೇಳುತ್ತೇನೆ.

ಆಡಿದ ಮಾತನ್ನು ಅಲ್ಲಾಹನು ತಿರುಗಿಸಲಿ. ನಿನ್ನ ಒಲೆ ಉರಿಯಲಿ, ಅದರ ಸುತ್ತ ಪುಟ್ಟ ಕಾಲುಗಳು ಓಡಾಡಲಿ.

ನಿನ್ನ ಚಿಕ್ಕಮ್ಮ,
ಜುಲ್ಫಿಯೆ

ಸಂಜೆ ಇಫ್ತಾರಿನ ರೊಟ್ಟಿಗೆ ನಮ್ಮ ಯಜಮಾನರು ನಿನ್ನ ಅಂಗಡಿಯ ಪಕ್ಕದಲ್ಲೇ ಸಾಲು ನಿಲ್ಲುತ್ತಾರೆ. ಮನ್ನಿಸಿದ್ದರೆ ಒಂದೇ ಮಾತು ಬರೆದು ಅವರ ಕೈಗೆ ಕೊಡು. ರೊಟ್ಟಿ ಮರೆತರೂ ಪರವಾಗಿಲ್ಲ, ಉತ್ತರ ತರದೆ ಬರಬೇಡಿ ಎಂದು ಅವರಿಗೆ ಹೇಳಿದ್ದೇನೆ.