ಮುಕ್ಕುಂದದ ಹೊಳೆಗೆ ಮೋಟಾರು ದೋಣಿ

ಗೆಳೆಯ ದುರುಗಪ್ಪಾ,

ನೀನು ಓದು ಕಲಿತವನಲ್ಲ. ಇದ್ದಾಗ ನಿನಗೆ ಬಂದ ಕಾಗದಗಳನ್ನೆಲ್ಲ ಸಿಂಧನೂರಿನ ನನ್ನ ಅಂಗಡಿಗೇ ತಂದು ಓದಿಸಿಕೊಳ್ಳುತ್ತಿದ್ದೆ. ಇದನ್ನೂ ನಾನೇ ಓದಿ ಹೇಳುತ್ತಿದ್ದೇನೆ ಎಂದುಕೋ. ಒಂದು ದೋಣಿಯ ವಿಚಾರ ಹೇಳುವುದಿದೆ. ಹೊಳೆಯ ವ್ಯವಹಾರವನ್ನು ಅಂಬಿಗನಾದ ನಿನ್ನನ್ನು ಕೇಳದೆ ನಾನು ಎಂದಾದರೂ ಮಾಡಿದ್ದುಂಟೇ?

ಮೇಲುಗಡೆ ಹೊಳೆಗೆ ಆಣೆಕಟ್ಟು ಕಟ್ಟಲು ಶುರುಮಾಡಿದ್ದಾರೆ. ಅಲ್ಲಿಯ ಗುತ್ತೇದಾರನೊಬ್ಬ ತನ್ನ ಹಳೇ ಮೋಟಾರು ದೋಣಿಯನ್ನು ಲಾರಿಯಲ್ಲಿ ಹೇರಿಸಿ ತಂದು, ನಿಮ್ಮೂರು ಮುಕ್ಕುಂದದ ಎದುರು ದಂಡೆಯಲ್ಲಿ ಮಾರಾಟಕ್ಕೆ ಇಟ್ಟಿದ್ದಾನೆ. ಹೋದ ವಾರ ಲಿಂಗಸುಗೂರಿನ ಬಸ್ಸು ಓಡಿಸುವ ಮಹಬೂಬ ಸಾಹೇಬರನ್ನು ಕರೆದೊಯ್ದು ತೋರಿಸಿದೆ. ಅವರು ಇಂಜನ್ನಿಗೆ ಕಿವಿಗೊಟ್ಟರು, ಅಡಿಯನ್ನು ತಡವಿದರು. "ಇಂಜನ್ ಗಟ್ಟಿ ಐತ್ರಿ ಸಾವುಕಾರ್ರ, ಆದ್ರ ಹೊಟ್ಟಿ ಸೋರತೈತಿ. ಬ್ಯಾಸಿಗ್ಯಾಗ ನಿಮ್ಮ ಹೊಳ್ಯಾಗ ಮೊಣಕಾಲಮಟ ನೀರು. ಕಲ್ಲಿಗಿ ಬಡದ್ರ ಅಡಿಯಾಗಿನ ಪಂಕಾ ಖತಂ!" ಪೆಟ್ರೋಲು ಬೇರೆ ಕಂಟ್ರೋಲಿನಲ್ಲಿದೆ, ಸರ್ಕಾರದ ಚೀಟಿಯಿಲ್ಲದೆ ಸಿಗುವುದಿಲ್ಲ. ನೀನಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೂ ನನಗದು ಬೇಕಾಗಿತ್ತು. ಯಾಕೆ ಅಂತೀಯಾ? ಆ ದೋಣಿಯನ್ನು ಒಣಗಿಸಬೇಕಾಗಿಲ್ಲ.

ನಾಲ್ಕು ಸಲ ದಾಟಿಸಿದೆಯೆಂದರೆ ನೀನು ನಿನ್ನ ತೊಗಲಿನ ಹರಿಗೋಲನ್ನು ಬೋರಲು ಹಾಕಿ ಬಿಸಿಲಿಗೆ ಬಿಡುತ್ತಿದ್ದೆ. ಬೆರಳ ಗೆಣ್ಣಿನಿಂದ ತೊಗಲು ಬಡಿದು ನೋಡುತ್ತಿದ್ದೆ. ಅದು ಹಲಗೆಯ ಹಾಗೆ ಟಣ್ ಎಂದರೆ ಮಾತ್ರ ನೀರಿಗೆ. ತಹಶೀಲದಾರನೇ ಬಂದು ನಿಂತಿದ್ದರೂ ನೀನು ಬೀಡಿ ಹಚ್ಚಿಕೊಂಡು ಕೂತುಬಿಡುತ್ತಿದ್ದೆ.

ಆ ದಿನ ನನ್ನ ಸೇಂಗಾ ಚೀಲಗಳು ದಾಟದೆ ಈಚೆಯೇ ಉಳಿದಿದ್ದವು. ಆಚೆಯ ಸುಂಕದ ನಾಕಾ ಮುಚ್ಚುವ ಹೊತ್ತು. "ತೊಗಲು ಇನ್ನಾ ಹಸಿ ಐತ್ರಿ ಸಾವುಕಾರ್ರ, ಡಬ್ ಅನ್ನಾಕತ್ತೈತಿ," ಎಂದೆ ನೀನು. ನಾನು ನಕ್ಕು, "ಅಂಬಿಗ ಆಗಿ ನೀರಿಗಿ ಅಂಜ್ತೀಯೇನಲೇ?" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನು ನನ್ನ ಮುಖವನ್ನೂ ನೋಡಲಿಲ್ಲ. ಹರಿಗೋಲು ಎತ್ತಿ ನೀರಿಗಿಟ್ಟೆ.

ನಡುಹೊಳೆಯಲ್ಲಿ ಹೊಲಿಗೆ ಬಿಚ್ಚಿತು. ನಾನು ದಂಡೆಯ ಮೇಲಿದ್ದೆ. ಮೀನಿನ ಹಾಗೆ ಈಜುವವನು ನೀನು, ಚೀಲ ಬಿಟ್ಟು ಬರಬಾರದಿತ್ತೇ? ನನ್ನ ಸೇಂಗಾ ಉಳಿಸಲು ಹೋಗಿ…

ಇನ್ನು ನಿನಗೆ ಗೊತ್ತಿಲ್ಲದ್ದನ್ನು ಹೇಳಬೇಕು. ಹಸಿ ತೊಗಲಿನ ಹರಿಗೋಲನ್ನು ಎಚ್ಚರವಿದ್ದ ಅಂಬಿಗ ನೀರಿಗಿಳಿಸುವುದಿಲ್ಲ, ದುರುಗಪ್ಪ ಕುಡಿದಿದ್ದ ಎಂದು ಊರು ತೀರ್ಮಾನ ಮಾಡಿತು. ಹೆಂಡ ಮುಟ್ಟದವನು ನೀನು. ಅದನ್ನು ಬಲ್ಲ ನಾನು ಬಾಯಿಗೆ ಬೀಗ ಹಾಕಿಕೊಂಡೆ. ನಿನ್ನ ಹೆಂಡತಿ ಹುಲಿಗೆವ್ವ ತಾನೇ ಹುಟ್ಟು ಹಿಡಿದಳು. ಎರಡು ವರ್ಷವಾಯಿತು, "ಕುಡುಕನ ಹರಿಗೋಲು" ಎಂದು ನಗುವವರನ್ನೂ ದಾಟಿಸುತ್ತಾಳೆ. ಆಕೆ ತೊಗಲು ಬಡಿದು ನೋಡುವಾಗ ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ. ಮೋಟಾರು ದೋಣಿ ಬಂದರೆ ಆ ಸಪ್ಪಳ ತಪ್ಪುತ್ತದೆ, ಆಕೆಗೂ ಉಪಕಾರವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಾನೆಂಥ ಹೇಡಿ ನೋಡು.

ನಿನ್ನೆ ಹುಲಿಗೆವ್ವನ ಮುಂದೆ ದೋಣಿಯ ಮಾತು ಎತ್ತಿದೆ. "ನಿನಗ ಕೊಡಸ್ತೀನವ್ವ," ಎಂದೆ.

"ನನಗ್ಯಾಕ್ರಿ ಅಣ್ಣಾರ ಅಷ್ಟು ದೊಡ್ಡದು? ಒಂದು ಮಾತು ಹೇಳ್ರಿ ಸಾಕು. ಆ ದಿನ ನೀವು ದಂಡಿ ಮ್ಯಾಲಿದ್ರಿ. ಅವ್ರು ಖರೇನ ಕುಡದಿದ್ರಾ?"

ಹೇಳಿದೆ ದುರುಗಪ್ಪ. ಎಲ್ಲವನ್ನೂ ಹೇಳಿದೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. "ದೋಣಿ ಬ್ಯಾಡ್ರಿ. ಈಗ ನನಗ ಹೇಳಿದ್ದು ಊರ ಕಟ್ಟಿ ಮ್ಯಾಲ ನಿಂತು ಎಲ್ಲಾರಿಗೂ ಹೇಳ್ರಿ," ಎಂದಳು. ಅಣ್ಣಾರ ಎನ್ನಲಿಲ್ಲ.

ದೋಣಿ ಬೇಡವೆಂದು ಗುತ್ತೇದಾರನಿಗೆ ಹೇಳಿ ಕಳಿಸಿದ್ದೇನೆ. ಸೋಮವಾರ ಮುಕ್ಕುಂದಕ್ಕೆ ಹೋಗುತ್ತೇನೆ. ಊರು ಕೂಡಿದ ಹೊತ್ತಿನಲ್ಲಿ ಕಟ್ಟೆ ಹತ್ತಿ, ದುರುಗಪ್ಪ ಕುಡಿದಿರಲಿಲ್ಲ, ಹಸಿ ಹರಿಗೋಲನ್ನು ನೀರಿಗಿಳಿಸಿದ್ದು ನನ್ನ ನಾಲಿಗೆ ಎನ್ನುತ್ತೇನೆ. ಆಮೇಲೆ ಹುಲಿಗೆವ್ವ ನನ್ನನ್ನು ಹೊಳೆ ದಾಟಿಸುತ್ತಾಳೋ ಇಲ್ಲವೋ, ಅದು ಆಕೆಗೆ ಬಿಟ್ಟದ್ದು.