ಮಮದಾಪುರದ ಕೆರೆಗೆ ಇಳಿದೆ, ಅಪ್ಪಾ

ಅಪ್ಪಾ,

ತಲೆಯಿನ್ನೂ ಒದ್ದೆಯಿದೆ, ಹನಿ ಕಾಗದದ ಮೇಲೆ ಬೀಳುತ್ತಿದೆ. ಅಕ್ಷರ ಕಲಸಿಹೋಗಿದ್ದರೆ ಬೈಯಬೇಡ. ಇವತ್ತು ಬೆಳಿಗ್ಗೆ ನಾನು ಮಮದಾಪುರದ ಕೆರೆಗೆ ಇಳಿದೆ. ಹೌದು, ಅದೇ ಕೆರೆ. ನಂಬಿಕೆ ಬರುತ್ತಿಲ್ಲ ಅಲ್ಲವೇ? ನನಗೂ ಬರುತ್ತಿಲ್ಲ.

ಸಣ್ಣವಳಿದ್ದಾಗ ಆಡಿಗೆ ನೀರು ಕುಡಿಸಲು ಹೋಗಿ, ಪಾಚಿಯ ಮೇಲೆ ಜಾರಿ ಅದರೊಳಗೆ ಬಿದ್ದಿದ್ದೆನಲ್ಲ. ನೀನು ಧೋತರ ಸಮೇತ ಹಾರಿ, ಕೂದಲು ಹಿಡಿದು ಎಳೆದಿದ್ದೆ. ಮೂಗಿನೊಳಗೆ ನೀರು ನುಗ್ಗಿ, ಕೂಗಲು ಬಾಯಿ ತೆರೆದರೆ ಬಾಯಿಗೂ ನೀರು... ನೀರೊಳಗಿನ ಆ ಕತ್ತಲು ಅವತ್ತೇ ನನ್ನೊಳಗೆ ಹೊಕ್ಕಿತು. ಆಮೇಲೆ ಬಚ್ಚಲ ಬಾಗಿಲು ಮುಚ್ಚಿಕೊಂಡು ತಲೆಗೆ ನೀರು ಹಾಕಿಕೊಳ್ಳುವ ಧೈರ್ಯವೂ ನನಗೆ ಬರಲಿಲ್ಲ.

ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಪ್ರಭುಭೋಜನದ ಭಾನುವಾರಗಳು ನೆನಪಾಗುತ್ತವೆ. ನಮ್ಮ ಸಭೆಯಲ್ಲಿ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವರಿಗಷ್ಟೇ ರೊಟ್ಟಿ. ತಟ್ಟೆ ನನ್ನನ್ನು ದಾಟಿ ಪಕ್ಕದವಳ ಕೈಗೆ ಹೋಗುವಾಗ ನೀನು ಗಂಡಸರ ಸಾಲಿನಿಂದ ನೋಡುತ್ತಿದ್ದೆ. ಊರೂರು ತಿರುಗಿ ಸುವಾರ್ತೆ ಹೇಳುವವನ ಮಗಳೇ ಹೀಗೆ! ಆ ತುಣುಕು ರೊಟ್ಟಿಗೆ ನನ್ನ ಜೀವ ಎಷ್ಟು ಹಸಿದಿತ್ತು ಗೊತ್ತೇ? ಆದರೂ ನೀನು ಒಮ್ಮೆಯೂ ಒತ್ತಾಯ ಮಾಡಲಿಲ್ಲ. "ಹೆದರಿಕಿ ಹೋಗ್ಲಿ ಯಪ್ಪಾ, ಆಮ್ಯಾಲ ಇಳೀತೀನಿ" ಅಂದಿದ್ದಕ್ಕೆ, "ಅದು ಹೋಗೂದನ್ನ ಕಾಯಬ್ಯಾಡ ಯವ್ವಾ. ಅದನ್ನೂ ಕರ್ಕೊಂಡ ಇಳಿ" ಎಂದಿದ್ದೆ. ನನಗೆ ಸಿಟ್ಟು ಬಂದು ಎದ್ದು ಹೋಗಿದ್ದೆ.

ನೀನು ತೀರಿಕೊಂಡ ಮೇಲೆ ಒಂದು ಸಂಜೆ ಕೆಲಸದಿಂದ ಮನೆಗೆ ಬಂದೆ. ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ನನ್ನ ಬಾಯಿಗೆ ಮಾಲೀಕನೂ ಹೆದರುತ್ತಾನಲ್ಲ! ಅವತ್ತೂ ಹೆಣ್ಣಾಳುಗಳ ಪರವಾಗಿ ಜಗಳಾಡಿ ಗೆದ್ದಿದ್ದೆ. "ನಾ ಯಾರ ಮಾತೂ ಕೇಳಾಕಿ ಅಲ್ಲ" ಎಂದು ಗಂಡನ ಮುಂದೆ ಬೀಗಿದೆ. ಅವರು ನಕ್ಕು, "ಕೆರಿ ಮಾತ ಕೇಳ್ತೀಯಲ್ಲ ಮತ್ತ?" ಎಂದರು. ಮೈಯೆಲ್ಲ ಉರಿಯಿತು. ಆದರೆ ಸುಳ್ಳೇನು ಹೇಳಿದ್ದರು? ದೇವರು "ಬಾ" ಅನ್ನುತ್ತಿದ್ದ, ಹೆದರಿಕೆ "ಬೇಡ" ಅನ್ನುತ್ತಿತ್ತು. ಇಷ್ಟು ವರ್ಷ ನಾನು ಯಾರ ಮಾತು ಕೇಳಿದ್ದೆ? ಮರುದಿನವೇ ಪಾಸ್ಟರ್ ಹತ್ತಿರ ಹೋಗಿ ದೀಕ್ಷಾಸ್ನಾನಕ್ಕೆ ಹೆಸರು ಕೊಟ್ಟೆ.

ಇವತ್ತು ಬಸ್ಸು ಬಬಲೇಶ್ವರ ದಾಟುತ್ತಿದ್ದಂತೆ ಎದುರಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ. ದಂಡೆಗೆ ಬಂದರೆ ಕಾಲು ಕಿತ್ತಿಡಲಾಗಲಿಲ್ಲ. ಪಾಸ್ಟರ್ ನನ್ನ ಮುಖ ನೋಡಿ, "ಶಾಂತಕ್ಕಾ, ಇನ್ನೊಂದ್ ವರ್ಷ ಬಿಡೂಣೇನ್ರಿ?" ಎಂದು ಕೇಳಿದರು. ಎಷ್ಟು ಸುಲಭವಿತ್ತು! ಹೂಂ ಅಂದುಬಿಟ್ಟಿದ್ದರೆ...

"ಬ್ಯಾಡ್ರಿ. ಬರ್ತೀನಿ. ಗಟ್ಯಾಗಿ ಹಿಡೀರಿ ನನ್ನ" ಎಂದೆ.

ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಹಿಂದಕ್ಕೆ ಬಾಗಿಸಿ ಮುಳುಗಿಸಿದರು. ಅದೇ ಕತ್ತಲು, ಅದೇ ಮೂಗಿನ ಉರಿ. ಸತ್ತೇಹೋದೆ ಎಂದುಕೊಂಡೆ. ಮೇಲೆ ಬಂದಾಗ ಕೂಸಿನ ಹಾಗೆ ಅಳುತ್ತಿದ್ದೆ. ಹೆದರಿಕೆ ಹೋಗಿರಲಿಲ್ಲ ಅಪ್ಪಾ, ಪಕ್ಕದಲ್ಲೇ ಇತ್ತು. ಆದರೆ ಅದು ಬೇಡ ಅಂದದ್ದನ್ನು ಮಾಡಿಯೂ ನಾನು ಬದುಕಿದ್ದೆ. ದೇವರ ಮಾತು ಕೇಳಿದ್ದೆ. ಎಂಥ ಹಗುರ! ಜೀತ ಬಿಟ್ಟು ಬಂದವರಿಗೆ ಹೀಗೇ ಅನ್ನಿಸುತ್ತದೇನೋ.

ಬಟ್ಟೆ ಬದಲಿಸಿ ದಂಡೆಯಲ್ಲಿ ಕುಳಿತಿದ್ದಾಗ ಪಾಸ್ಟರ್ ಎಲ್ಲರ ಮುಂದೆ ಒಂದು ಮಾತು ಹೇಳಿದರು. ಮುಂದಿನ ತಿಂಗಳು ನಿಡೋಣಿ ಊರಿಗೆ ಸೊಸೆಯಾಗಿ ಬಂದ ಒಬ್ಬಳು ದೀಕ್ಷಾಸ್ನಾನಕ್ಕೆ ಇಳಿಯುತ್ತಾಳಂತೆ. ನೀರು ಕಂಡರೆ ಅವಳಿಗೂ ಜೀವ ಹೋಗುತ್ತದಂತೆ. "ಆಕಿ ಜೋಡಿ ನೀರಾಗ ನಿಂತು ಕೈ ಹಿಡಿಯಾಕ ಒಬ್ರು ಹೆಣ್ಮಕ್ಕಳು ಬೇಕ್ರಿ. ಯಾರ್ ನಿಂದರ್ತೀರಿ?" ಎಂದು ಕೇಳಿದರು.

ಹೆದರಿಕೆ ಬಾಯಿ ತೆರೆಯುವ ಮೊದಲೇ, "ನಾ ನಿಂದರ್ತೀನ್ರಿ" ಅಂದುಬಿಟ್ಟೆ.

ಅಂದದ್ದೇನೋ ಅಂದೆ. ಈಗ ಹೆದರಿಕೆ ಮತ್ತೆ "ಬೇಡ" ಅನ್ನುತ್ತಿದೆ. ಅವಳು ಇಳಿಯುವ ಹಿಂದಿನ ದಿನ ನನಗೆ ಅನ್ನ ಸೇರುವುದಿಲ್ಲ, ಅದೂ ಗೊತ್ತು. ಆದರೂ ನಿಲ್ಲುತ್ತೇನೆ ಅಪ್ಪಾ. ಅವಳು ದಂಡೆ ಹತ್ತುವವರೆಗೆ ನಾನು ಹತ್ತುವುದಿಲ್ಲ.

ನಿನ್ನ
ಶಾಂತಾ